ಪಿಕಪ್ ವಾಹನದ ಹಿಂಬದಿ ಕುಸಿತ

ಹಿಂಬದಿ ಕುಸಿತ ಎಂದರೆ ಸರಕು ಹೇರಿದಾಗ ಅಥವಾ ಟ್ರೇಲರ್ ಜೋಡಿಸಿದಾಗ ಪಿಕಪ್ ವಾಹನದ ಹಿಂಭಾಗವು ಅತಿಯಾಗಿ ತಗ್ಗಿ, ಮುಂಭಾಗ ಮೇಲೆದ್ದು ನಿಲ್ಲುವ ಸ್ಥಿತಿ. ಭಾರ ಬಿದ್ದಾಗ ಸ್ಪ್ರಿಂಗ್ ತಗ್ಗುವುದು ಸಹಜ. ಖಾಲಿ ಪಿಕಪ್‌ನ ಹಿಂಭಾಗ ತುಸು ಎತ್ತರವಾಗಿರುವುದು ಇದೇ ಕಾರಣಕ್ಕೆ. ಆಕ್ಸಲ್ ಮೇಲಿನ ರಬ್ಬರ್ ತಡೆಗೆ (ಬಂಪ್ ಸ್ಟಾಪ್) ಬಡಿಯುವಷ್ಟು ತಗ್ಗಿದಾಗ, ಅಥವಾ ಭಾರ ಇಳಿಸಿದ ಮೇಲೂ ವಾಹನ ಮೊದಲಿನ ಎತ್ತರಕ್ಕೆ ಮರಳದಿದ್ದಾಗ ಮಾತ್ರ ಅದು ದೋಷವೆನಿಸುತ್ತದೆ.

ಕುಸಿದ ವಾಹನದಲ್ಲಿ ಮುಂಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ, ಬ್ರೇಕ್ ಹಿಡಿತ ಕುಗ್ಗುತ್ತದೆ. ಹೆಡ್‌ಲೈಟ್ ಬೆಳಕು ರಸ್ತೆಗೆ ಬೀಳುವ ಬದಲು ಎದುರಿನ ಚಾಲಕನ ಕಣ್ಣಿಗೆ ಬೀಳುತ್ತದೆ.

ಕಾರಣಗಳು

ಹೆಚ್ಚಿನ ಪಿಕಪ್‌ಗಳ ಹಿಂಭಾಗವನ್ನು ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿ ಯು ಬೋಲ್ಟ್‌ಗಳಿಂದ ಆಕ್ಸಲ್‌ಗೆ ಬಿಗಿದ ಉಕ್ಕಿನ ಪಟ್ಟಿಗಳ ಕಟ್ಟು. ಬಹುಕಾಲ ಮಿತಿಮೀರಿದ ಭಾರ ಹೊತ್ತ ಪಟ್ಟಿಗಳು ತಮ್ಮ ಬಾಗನ್ನು ಕಳೆದುಕೊಳ್ಳುತ್ತವೆ. ಕೆಲವೊಮ್ಮೆ ಒಂದು ಪಟ್ಟಿ ಮುರಿದು ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ.

ಭಾರ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ವಾಹನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಹಿಂದಕ್ಕೆ 300 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ 400 ಕೆ.ಜಿ. ಹೆಚ್ಚಾಗಿ, ಮುಂದಿನ ಆಕ್ಸಲ್‌ನಿಂದ 100 ಕೆ.ಜಿ. ಕಳೆಯುತ್ತದೆ. ಅದೇ ಸರಕನ್ನು ಆಕ್ಸಲ್‌ಗಿಂತ 1 ಮೀಟರ್ ಮುಂದಕ್ಕೆ, ಕ್ಯಾಬಿನ್ ಕಡೆಗೆ ಸರಿಸಿದರೆ ಹಿಂದಿನ ಆಕ್ಸಲ್ ಹೊರುವುದು 200 ಕೆ.ಜಿ. ಮಾತ್ರ. ಕಾಸಿನ ಖರ್ಚಿಲ್ಲದ ಈ ಪರಿಹಾರವನ್ನು ಮೊದಲು ಪ್ರಯತ್ನಿಸುವವರು ಕಡಿಮೆ. ಟ್ರೇಲರ್ ಕೊಂಡಿಯು ಆಕ್ಸಲ್‌ನಿಂದ ಇನ್ನೂ ಹಿಂದಿರುವುದರಿಂದ ಅದರ ಮೇಲಿನ ಸ್ವಲ್ಪ ತೂಕವೂ ದೊಡ್ಡ ಪರಿಣಾಮ ಬೀರುತ್ತದೆ.

ಪರೀಕ್ಷೆ

ಸಮತಟ್ಟಾದ ನೆಲದಲ್ಲಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಗಳಲ್ಲಿ, ಖಾಲಿಯಿದ್ದಾಗ ಮತ್ತು ಭಾರವಿದ್ದಾಗ ಅಳೆಯಲಾಗುತ್ತದೆ. ನೆಲದಿಂದ ಅಳೆದರೆ ಟೈರ್ ಗಾಳಿಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಬದಿ ತಗ್ಗಿದ್ದರೆ ಮುರಿದ ಪಟ್ಟಿ, ತುಂಡಾದ ನಡುಬೋಲ್ಟ್ ಅಥವಾ ಸವೆದ ಬುಷ್‌ಗಳನ್ನು ಮೊದಲು ಹುಡುಕಬೇಕು.

ಪರಿಹಾರಗಳು

ಬಾಗು ಕಳೆದುಕೊಂಡ ಕಟ್ಟಿಗೆ ಹೊಸ ಕಟ್ಟೇ ನೇರವಾದ ಪರಿಹಾರ. ಹಳೆಯ ಪಟ್ಟಿಗಳನ್ನು ಮತ್ತೆ ಬಾಗಿಸುವ ಪದ್ಧತಿ ಅಗ್ಗವಾದರೂ, ಕಾಯಿಸಿ ಬಾಗಿಸಿದ ಉಕ್ಕಿಗೆ ಸರಿಯಾಗಿ ಮತ್ತೆ ಹದ ಕೊಡದಿದ್ದರೆ ಅದು ಬೇಗನೆ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಟ್ಟಿಗೆ ಹೆಚ್ಚುವರಿ ಪಟ್ಟಿ ಸೇರಿಸಿದರೆ ಬಿಗುವು ಹೆಚ್ಚುತ್ತದೆ, ಆದರೆ ಖಾಲಿ ವಾಹನ ಕುಪ್ಪಳಿಸುತ್ತದೆ. ಭಾರ ಬಿದ್ದಾಗಲಷ್ಟೇ ತಾಗುವ ಸಹಾಯಕ ಪಟ್ಟಿಗಳು ಮತ್ತು ಟೊಳ್ಳು ರಬ್ಬರ್ ಸ್ಪ್ರಿಂಗ್‌ಗಳಲ್ಲಿ ಈ ತೊಂದರೆ ಕಡಿಮೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಬ್ಲಾಕ್‌ಗಳು ಎತ್ತರವನ್ನಷ್ಟೇ ಬದಲಿಸುತ್ತವೆ, ಹೊರುವ ಬಲವನ್ನಲ್ಲ. ಸಾಮಾನ್ಯ ಶಾಕ್ ಅಬ್ಸಾರ್ಬರ್ ಭಾರ ಹೊರುವುದೇ ಇಲ್ಲ; ಅದನ್ನು ಬದಲಿಸಿದರೆ ಕುಸಿತ ಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ.

ಗಾಳಿ ಚೀಲಗಳ ಅನುಕೂಲವೆಂದರೆ ಹೊರೆಗೆ ತಕ್ಕಂತೆ ಒತ್ತಡ ಹೊಂದಿಸಬಹುದು. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಎರಡು ತುದಿಗಳಲ್ಲಿ ಚಾಸಿಗೆ ಹಂಚುತ್ತದೆ. ಆಕ್ಸಲ್ ಮೇಲೆ ಕೂರಿಸಿದ ಗಾಳಿ ಚೀಲ ಅದನ್ನು ಒಂದೇ ಬಿಂದುವಿಗೆ ಒತ್ತುತ್ತದೆ. ಹಿಂದಕ್ಕೆ ಚಾಚಿದ ಹೊರೆ, ಭಾರವಾದ ಟ್ರೇಲರ್ ಮತ್ತು ಒರಟು ರಸ್ತೆ ಸೇರಿದಾಗ ಆ ಬಿಂದುವಿನ ಬಳಿ ಚಾಸಿ ಬಾಗುತ್ತದೆ. ಆಸ್ಟ್ರೇಲಿಯಾದಲ್ಲಿ 'ಯೂಟ್' ಎಂದು ಕರೆಯುವ ಜೋಡಿ ಕ್ಯಾಬಿನ್ ಪಿಕಪ್‌ಗಳಲ್ಲಿ ಇಂಥ ಪ್ರಕರಣಗಳು ಕಂಡುಬಂದಿವೆ.

ಬ್ರೇಕ್ ವಾಲ್ವ್ ಮತ್ತು ಭಾರದ ಮಿತಿ

ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕ್ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಒಂದು ಸರಳಿನ ಮೂಲಕ ಆಕ್ಸಲ್‌ಗೆ ಜೋಡಣೆಯಾಗಿರುತ್ತದೆ. ಹಿಂಭಾಗ ತಗ್ಗಿದಷ್ಟೂ ಭಾರ ಹೆಚ್ಚಿದೆ ಎಂದು ಗ್ರಹಿಸಿ ಅದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ. ಸ್ಪ್ರಿಂಗ್ ಬಿಗಿಗೊಳಿಸಿ ವಾಹನವನ್ನು ಎತ್ತರಿಸಿದರೆ, ತುಂಬಿದ ವಾಹನವೂ ಈ ವಾಲ್ವ್‌ಗೆ ಖಾಲಿಯಾಗಿಯೇ ಕಾಣುತ್ತದೆ. ಭಾರ ಹೊತ್ತು ಇಳಿಜಾರಿನಲ್ಲಿ ಸಾಗುವಾಗಲೇ ಹಿಂದಿನ ಬ್ರೇಕ್ ದುರ್ಬಲವಾಗಿರುತ್ತದೆ. ಆದ್ದರಿಂದ ಎತ್ತರ ಬದಲಾದಾಗ ವಾಲ್ವ್‌ನ ಸರಳನ್ನು ತಯಾರಕರ ಕೈಪಿಡಿಯಂತೆ ಮರುಹೊಂದಿಸಬೇಕು. ದುರಸ್ತಿಯಲ್ಲಿ ಹೆಚ್ಚಾಗಿ ಮರೆತುಹೋಗುವ ಕೆಲಸ ಇದೇ.

ಇವುಗಳಲ್ಲಿ ಯಾವ ಪರಿಹಾರವೂ ವಾಹನದ ಅನುಮತಿತ ಒಟ್ಟು ತೂಕವನ್ನು ಹೆಚ್ಚಿಸುವುದಿಲ್ಲ. ಆ ಮಿತಿಯನ್ನು ಸ್ಪ್ರಿಂಗ್ ಒಂದರಿಂದಲೇ ಅಲ್ಲದೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಮತ್ತು ಚಾಸಿಗಳಿಂದಲೂ ನಿರ್ಧರಿಸಲಾಗಿರುತ್ತದೆ. ಭಾರತದಲ್ಲಿ ಈ ತೂಕ ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 194ನೇ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದ್ದು, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ತಪ್ಪಿತಸ್ಥರೇ ಭರಿಸಬೇಕಾಗುತ್ತದೆ.