ಮಹಾಂತ ಜೋಳಿಗೆ ಮತ್ತು ಶರಣಸಂಗದ ಬಲ



ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಜನ್ಮಭೂಮಿ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ಸೀಮೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಮೂಲನೆಲ. ಕಲ್ಯಾಣದಲ್ಲಿ ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ಅಧಿಕಾರದ ಆಜ್ಞೆ ಮಾಡಲಾರದ್ದನ್ನು ಸಹಚರರ ಎಚ್ಚರಿಕೆಯ ನುಡಿ ಮಾಡಿತು.

ಇದೇ ಬಲವನ್ನು ನಮ್ಮ ಕಾಲದಲ್ಲಿ ಊರೂರಿಗೆ ಒಯ್ದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಅಪ್ಪಗಳು. 1975ರಲ್ಲಿ ಆರಂಭವಾದ 'ಮಹಾಂತ ಜೋಳಿಗೆ' ಕಾಳುಕಡಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿತು. ನೆರೆಹೊರೆಯವರ ಸಮ್ಮುಖದಲ್ಲಿ ಒಬ್ಬನು ತನ್ನ ಚಟವನ್ನು ಜೋಳಿಗೆಗೆ ಹಾಕಿದರೆ ಪಕ್ಕದವನಿಗೂ ಧೈರ್ಯ ಬರುವುದು. ಕೊಟ್ಟ ಮಾತಿಗೆ ಓಣಿಯೇ ಕಾವಲಾಗುವುದು. ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ.

ಯಾದಗಿರಿ, ಶಹಾಪುರ, ಸುರಪುರಗಳ ಬಂಧುಗಳೇ, ದಿನದ ಕೂಲಿ ಸಂಜೆಗೆ ಸೆರೆಯಂಗಡಿ ಸೇರಿದರೆ ಮಕ್ಕಳ ಗಂಗಾಳ ಬರಿದಾಗುವುದು. ಕುಡಿತ ಬಿಟ್ಟವನನ್ನು ಮತ್ತೆ ಕರೆಯುವವನೂ ಗೆಳೆಯನೇ, ಕೈಹಿಡಿದು ಮನೆಗೆ ಕರೆತರುವವನೂ ಗೆಳೆಯನೇ. ನಾವು ಎರಡನೆಯವರಾಗುವುದೇ ಶರಣಸಂಗ.