ಕರ್ನಾಟಕದಲ್ಲಿ ವಸಡಿನ ಶಸ್ತ್ರಚಿಕಿತ್ಸೆ ಹಾಗೂ ದಂತಪುನರ್ನಿರ್ಮಾಣ: ಒಂದು ಐತಿಹಾಸಿಕ ಅವಲೋಕನ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆದವರು ಹಲ್ಲಿನ ವಿಷಯಕ್ಕೆ ಅಡಿಟಿಪ್ಪಣಿಯಷ್ಟು ಸ್ಥಳವನ್ನು ಮಾತ್ರ ಬಿಟ್ಟುಕೊಟ್ಟಿರುವುದು ವಾಡಿಕೆ. ಸಿಡುಬು, ಪ್ಲೇಗು, ಮಲೇರಿಯಾಗಳಂತೆ ಹಲ್ಲುನೋವು ಊರನ್ನು ಖಾಲಿ ಮಾಡಿಸಲಿಲ್ಲ. ಆದಕಾರಣ ಸರ್ಕಾರದ ದಫ್ತರಗಳಲ್ಲಿಯೂ ಅದರ ಸುಳಿವು ವಿರಳ. ಆದರೆ ಜನಸಾಮಾನ್ಯರ ನುಡಿಯಲ್ಲಿ ಅದರ ಸಾಕ್ಷ್ಯ ಹೇರಳವಾಗಿದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ವಿಧಿಯ ವಿಪರ್ಯಾಸಕ್ಕೆ ಉದಾಹರಣೆಯಾಗಿ ಬಳಸುತ್ತೇವೆ. ಇತಿಹಾಸದ ವಿದ್ಯಾರ್ಥಿಯು ಅದನ್ನು ಬೇರೊಂದು ರೀತಿಯಲ್ಲಿ ಓದಬಹುದು. ಸಂಪತ್ತು ಕೈಗೂಡುವ ವಯಸ್ಸಿಗೆ ಹಲ್ಲು ಹೋಗಿರುತ್ತದೆ, ಹೋದ ಹಲ್ಲನ್ನು ಯಾವ ಸಂಪತ್ತೂ ಮರಳಿ ತರಲಾರದು ಎಂಬ ಎರಡು ಸಂಗತಿಗಳನ್ನು ಆ ಗಾದೆಯನ್ನು ಕಟ್ಟಿದವರು ಪ್ರಶ್ನಾತೀತವೆಂದು ಭಾವಿಸಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಎರಡನೆಯ ಸಂಗತಿ ಬದಲಾಯಿತು. ಮೊದಲನೆಯದು ಬದಲಾಯಿತೇ, ಬದಲಾಗಿದ್ದರೆ ಯಾರ ಪಾಲಿಗೆ, ಎಂಬುದನ್ನು ಶಿವಮೊಗ್ಗ ನಗರದ ರಾಗಿಗುಡ್ಡದಂತಹ ದುಡಿಮೆಗಾರರ ವಸತಿಯನ್ನು ಕಣ್ಣೆದುರಿಗೆ ಇರಿಸಿಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪ್ರಾಚೀನ ಗ್ರಂಥಗಳ ವಿಷಯ. ದವಡೆಯ ಎಲುಬಿನಲ್ಲಿ ಕೃತಕ ಹಲ್ಲಿನ ಬೇರನ್ನು ನೆಡುವ ವಿದ್ಯೆ, ಎಂದರೆ ಇಂದು ಇಂಪ್ಲಾಂಟ್ ಎಂದು ಕರೆಯಲ್ಪಡುವ ವಿಧಾನ, ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂಬ ಮಾತು ಸಭೆ ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಆಧಾರವಾಗಿ ಚರಕಸಂಹಿತೆಯ ರಸಾಯನ ಪ್ರಕರಣದಲ್ಲಿ ಅಶ್ವಿನೀದೇವತೆಗಳು ಪೂಷನ ಉದುರಿದ ಹಲ್ಲುಗಳನ್ನು ಸರಿಪಡಿಸಿದರೆಂಬ ಉಲ್ಲೇಖವನ್ನು ಮುಂದಿಡುವುದುಂಟು. ಆ ಉಲ್ಲೇಖವು ದೇವವೈದ್ಯರ ಪ್ರಶಂಸೆಗಾಗಿ ಬಂದದ್ದು. ಅಲ್ಲಿ ವಿಧಾನವಿಲ್ಲ, ಉಪಕರಣವಿಲ್ಲ, ರೋಗಿಯ ಪಥ್ಯವೂ ಇಲ್ಲ. ಅದನ್ನು ಶಸ್ತ್ರಕ್ರಿಯೆಯ ದಾಖಲೆಯೆಂದು ಓದುವುದು ಚರಿತ್ರೆಗೂ ಗ್ರಂಥಕ್ಕೂ ಮಾಡುವ ಅಪಚಾರವೆಂದು ನಮ್ಮ ಅಭಿಪ್ರಾಯ. ಈ ಹುಸಿ ಹೆಮ್ಮೆಯಿಂದ ಆಗಿರುವ ದೊಡ್ಡ ನಷ್ಟವೆಂದರೆ, ಗ್ರಂಥಗಳಲ್ಲಿ ನಿಜವಾಗಿಯೂ ಇರುವ ಸಂಗತಿಯ ಕಡೆಗೆ ಯಾರ ಗಮನವೂ ಹರಿಯದಿರುವುದು.

ನಿಜವಾಗಿ ಇರುವುದು ವಸಡಿನ ವಿಚಾರ. ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು ಅರವತ್ತೈದೆಂದು ಎಣಿಸಿ, ಅವುಗಳಲ್ಲಿ ಎಂಟನ್ನು ಹಲ್ಲಿಗೂ ಹದಿನೈದನ್ನು ದಂತಮೂಲಕ್ಕೂ, ಎಂದರೆ ವಸಡಿಗೂ, ಸೇರಿಸುತ್ತದೆ. ಹಲ್ಲಿಗಿಂತ ಹಲ್ಲು ನಿಂತಿರುವ ನೆಲಕ್ಕೆ ಹೆಚ್ಚು ಗಮನ ಕೊಟ್ಟಿರುವುದು ಗಮನಾರ್ಹ. ವಸಡಿನಿಂದ ಕೀವು ರಕ್ತಗಳು ಒಸರಿ ಹಲ್ಲು ಅಲುಗಾಡತೊಡಗುವ ರೋಗಕ್ಕೆ ದಂತವೇಷ್ಟವೆಂದು ಹೆಸರು. ಇಂದಿನ ವೈದ್ಯರು ಪೆರಿಯೊಡಾಂಟೈಟಿಸ್ ಎನ್ನುವ ರೋಗದ ಲಕ್ಷಣಗಳೂ ಹೆಚ್ಚುಕಡಮೆ ಇವೇ ಆಗಿವೆ. ಸುಶ್ರುತನು ಹೇಳಿದ ಇಪ್ಪತ್ತು ಶಸ್ತ್ರಗಳಲ್ಲಿ ದಂತಶಂಕು ಒಂದು. ಹಲ್ಲಿಗೆ ಅಂಟಿ ಗಟ್ಟಿಯಾದ ಕಿಟ್ಟವನ್ನು ಅದರಿಂದ ಕೆರೆದು ತೆಗೆಯಬೇಕು, ಆದರೆ ದಂತಮೂಲಕ್ಕೆ ಗಾಯವಾಗಕೂಡದು, ಅನಂತರ ಅರಗಿನ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ತಿಕ್ಕಬೇಕು ಎಂಬುದು ಅಲ್ಲಿಯ ವಿಧಿ. ಮೂಲಕ್ಕೆ ಗಾಯವಾಗದಂತೆ ಎಂಬ ಈ ಒಂದು ಷರತ್ತಿನಲ್ಲಿ ಅನುಭವಿ ಕೈಯೊಂದರ ಗುರುತು ಕಾಣುತ್ತದೆ.

ಅದೇ ಸಂಹಿತೆಯು ಮೇಲ್ದವಡೆಯ ಹಲ್ಲು ಅಲುಗಾಡುತ್ತಿದ್ದರೂ ಅದನ್ನು ಕೀಳಬಾರದೆಂದು ಎಚ್ಚರಿಸುತ್ತದೆ. ಕಿತ್ತರೆ ಅತಿಯಾದ ರಕ್ತಸ್ರಾವದಿಂದ ದೃಷ್ಟಿನಾಶ, ಮುಖದ ವಕ್ರತೆ ಮೊದಲಾದವು ಸಂಭವಿಸಬಹುದೆಂದು ಕಾರಣ ಕೊಡುತ್ತದೆ. ಮೇಲ್ದವಡೆಯ ಹಿಂಭಾಗದ ಹಲ್ಲುಗಳ ಬೇರುಗಳು ಕೆನ್ನೆಯೆಲುಬಿನೊಳಗಿನ ಗಾಳಿಗೂಡಿಗೆ ಅತ್ಯಂತ ಸಮೀಪವಾಗಿರುವುದರಿಂದ ಇಂದಿನ ಶಸ್ತ್ರವೈದ್ಯರೂ ಅಲ್ಲಿ ಎಚ್ಚರದಿಂದ ಕೆಲಸ ಮಾಡುತ್ತಾರೆ. ಆದರೆ ಎರಡೂ ಎಚ್ಚರಿಕೆಗಳ ಕಾರಣ ಒಂದೇ ಎಂದು ಹೇಳಲು ನಮಗೆ ಆಧಾರವಿಲ್ಲ. ಸಾದೃಶ್ಯವನ್ನು ಗುರುತಿಸುವುದು ಬೇರೆ, ಸಂಬಂಧವನ್ನು ಸ್ಥಾಪಿಸುವುದು ಬೇರೆ.

ಕನ್ನಡ ನಾಡಿನಲ್ಲಿ ವೈದ್ಯಗ್ರಂಥಗಳ ಪರಂಪರೆ ದೀರ್ಘವಾದದ್ದೇ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ, ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡದಲ್ಲಿ ಕಲ್ಯಾಣಕಾರಕಗಳನ್ನು ಬರೆದರು. ಜೈನ ಸಂಪ್ರದಾಯದ ಈ ವೈದ್ಯರು ಮದ್ಯಮಾಂಸಗಳನ್ನು ವರ್ಜಿಸಿ ಚಿಕಿತ್ಸೆಯನ್ನು ಹೇಳಿದುದು ಪ್ರಸಿದ್ಧವಾಗಿದೆ. ಆದರೆ ಗ್ರಂಥಗಳು ಉಳಿದುಬಂದಂತೆ ಶಸ್ತ್ರ ಹಿಡಿದ ಕೈಯ ವಿದ್ಯೆ ಉಳಿದುಬರಲಿಲ್ಲ. ಓಲೆಗರಿಯಲ್ಲಿ ದಂತಶಂಕುವಿನ ಹೆಸರು ಇತ್ತು, ಊರಿನಲ್ಲಿ ಹಲ್ಲು ಕೀಳುವ ಇಕ್ಕಳ ಇತ್ತು. ಇಂದಿಗೂ ರಾಗಿಗುಡ್ಡದಲ್ಲಾಗಲಿ ಭದ್ರಾವತಿಯ ಕಾರ್ಮಿಕರ ಕೇರಿಗಳಲ್ಲಾಗಲಿ ವಯಸ್ಸಾದವರು ‘ಹಲ್ಲು ಕೀಳಿಸಿದೆ’ ಎನ್ನುತ್ತಾರೆಯೇ ಹೊರತು ‘ವಸಡಿಗೆ ಚಿಕಿತ್ಸೆ ಮಾಡಿಸಿದೆ’ ಎನ್ನುವವರು ಅಪರೂಪ. ಕೀಳಿಸು ಎಂಬ ಕ್ರಿಯಾಪದವೇ ನಮ್ಮ ದಂತವೈದ್ಯದ ಸಾಮಾಜಿಕ ಇತಿಹಾಸವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಮಲೆನಾಡಿನಲ್ಲಿ ಈ ವಿಷಯಕ್ಕೆ ಅಡಿಕೆಯ ಸಂಬಂಧವೂ ಇದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ತಾಂಬೂಲದ ಗುಣಗಳನ್ನು ಹೊಗಳುವಾಗ ಅದು ಬಾಯಿಯ ದುರ್ಗಂಧವನ್ನು ಹೋಗಲಾಡಿಸಿ ಹಲ್ಲನ್ನು ಗಟ್ಟಿ ಮಾಡುತ್ತದೆಂದು ಬರೆದಿದ್ದಾನೆ. ಅತಿಥಿಯಾಗಿ ಬಂದವನಿಗೆ ಆತಿಥೇಯರು ಹೇಳಿದ ಮಾತು ಅದಾಗಿರಬೇಕು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಅಡಿಕೆಯೇ ಜೀವನಾಧಾರವಾಗಿರುವ ಜಿಲ್ಲೆಯಲ್ಲಿ ಈ ಎರಡು ಹೇಳಿಕೆಗಳ ನಡುವಿನ ದೂರವನ್ನು ಕ್ರಮಿಸುವುದು ಸುಲಭವಲ್ಲ. ಇನ್ನು ಹಲ್ಲುಜ್ಜುವ ಪದ್ಧತಿಯಲ್ಲಿ ಬೇವಿನಕಡ್ಡಿ, ಇದ್ದಿಲು, ಉಪ್ಪುಗಳ ಜೊತೆಗೆ ಕಾರ್ಖಾನೆಯ ಹಲ್ಲುಪುಡಿ ಸೇರಿಕೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಹಳೆಯ ಮೈಸೂರಿನ ಮನೆಮಾತಾಯಿತು. ಆಧುನಿಕ ದಂತವೈದ್ಯನು ಹಳ್ಳಿಗೆ ಬರುವುದಕ್ಕೆ ಬಹಳ ಮೊದಲೇ ಈ ಪುಡಿ ಅಲ್ಲಿಗೆ ತಲಪಿತ್ತು.

ಆಧುನಿಕ ದಂತವೈದ್ಯ ಶಿಕ್ಷಣವು ಭಾರತದಲ್ಲಿ ಡಾ. ರಫೀಉದ್ದೀನ್ ಅಹ್ಮದರು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಕಾಲೇಜಿನಿಂದ ಆರಂಭವಾಯಿತು. 1948ರ ದಂತವೈದ್ಯರ ಕಾಯಿದೆಯಲ್ಲಿ ಇತಿಹಾಸಕಾರನಿಗೆ ಕುತೂಹಲಕರವಾದ ಒಂದು ಅಂಶವಿದೆ. ಅದು ದಂತವೈದ್ಯರ ನೋಂದಣಿ ಪುಸ್ತಕವನ್ನು ಎರಡು ಭಾಗವಾಗಿ ಒಡೆಯಿತು: ‘ಎ’ ಭಾಗದಲ್ಲಿ ಅಂಗೀಕೃತ ವಿದ್ಯಾರ್ಹತೆಯುಳ್ಳವರು, ‘ಬಿ’ ಭಾಗದಲ್ಲಿ ವಿದ್ಯಾರ್ಹತೆಯಿಲ್ಲದಿದ್ದರೂ ಕನಿಷ್ಠ ಐದು ವರ್ಷ ಇದೇ ಕಸುಬಿನಿಂದ ಮುಖ್ಯವಾಗಿ ಜೀವನ ಸಾಗಿಸಿದವರು. ದೇಶದಲ್ಲಿ ಹಲ್ಲಿನ ಕೆಲಸವನ್ನು ಅದುವರೆಗೆ ಬಹುಮಟ್ಟಿಗೆ ನಡೆಸಿಕೊಂಡು ಬಂದವರು ಕಸುಬುದಾರರೇ ಎಂಬುದನ್ನು ಶಾಸನವೇ ಹೀಗೆ ಒಪ್ಪಿಕೊಂಡಿತು. ಪದವಿಯ ಗೋಡೆಯನ್ನು ಕಟ್ಟುವ ಶಾಸನಗಳು ಸಾಮಾನ್ಯವಾಗಿ ಹೊರಗೆ ಉಳಿದವರನ್ನು ಮರೆಯುತ್ತವೆ. ಇದು ಅವರಿಗೆ ಒಂದು ಬಾಗಿಲನ್ನು ಬಿಟ್ಟಿತೆಂಬುದನ್ನು ಮೆಚ್ಚಬೇಕು. ಈ ಕಾಯಿದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಯನ್ನು ತರುವ ಶಾಸನವನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ ಆರಂಭವಾದವು. ಶಿವಮೊಗ್ಗದ ಶರಾವತಿ ದಂತವೈದ್ಯ ಕಾಲೇಜು ಬಂದದ್ದು 1990ರ ದಶಕದಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದುದು 1923ರಲ್ಲಿ ಎಂಬುದನ್ನು ನೆನೆದರೆ, ಈ ಜಿಲ್ಲೆಯಲ್ಲಿ ಆಧುನಿಕ ಲೋಹಶಾಸ್ತ್ರ ನೆಲೆಯೂರಿ ಏಳು ದಶಕಗಳು ಕಳೆಯುವ ಹೊತ್ತಿಗೆ ದಂತಶಾಸ್ತ್ರದ ಬೋಧನೆ ಬಂದಿತೆಂದಾಗುತ್ತದೆ.

ಮಣಿಪಾಲದ ಕಾಲೇಜು ತೆರೆದ 1965ನೆಯ ವರ್ಷವು ಜಗತ್ತಿನ ದಂತವೈದ್ಯದಲ್ಲಿ ಬೇರೆ ಎರಡು ಕಾರಣಗಳಿಂದ ಸ್ಮರಣೀಯ. ಇದು ಕಾಕತಾಳೀಯವೇ ಸರಿ. ಆದರೂ ಹೇಳದೆ ಬಿಡಲಾಗದು. ಸ್ವೀಡನ್ನಿನ ಪೆರ್ ಇಂಗ್ವರ್ ಬ್ರೋನೆಮಾರ್ಕ್ 1952ರಲ್ಲಿ ಲುಂಡ್ ನಗರದಲ್ಲಿ ಮೊಲದ ಕಾಲೆಲುಬಿನೊಳಗೆ ಟೈಟೇನಿಯಂ ಲೋಹದ ಚಿಕ್ಕ ಕೋಶವನ್ನಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದಾಗ, ಪ್ರಯೋಗ ಮುಗಿದ ಮೇಲೆ ಲೋಹವು ಎಲುಬಿನಿಂದ ಬಿಡಿಸಿಕೊಳ್ಳಲು ಬಾರದಷ್ಟು ಬೆಸೆದುಹೋಗಿದ್ದುದನ್ನು ಕಂಡನು. ಅವನು ಹುಡುಕಿದ್ದು ಒಂದು, ದೊರೆತದ್ದು ಮತ್ತೊಂದು. 1965ರಲ್ಲಿ ಆತನು ಗೋಟೆಬೋರ್ಗಿನಲ್ಲಿ ಕೆಳದವಡೆಯ ಹಲ್ಲುಗಳಿಲ್ಲದ ರೋಗಿಯೊಬ್ಬನಿಗೆ ಟೈಟೇನಿಯಂ ಬೇರುಗಳನ್ನು ನೆಟ್ಟನು; ಸುಮಾರು ನಾಲ್ಕು ದಶಕಗಳ ತರುವಾಯ ಆ ರೋಗಿ ತೀರಿಕೊಂಡಾಗಲೂ ಅವು ಕೆಲಸ ಮಾಡುತ್ತಿದ್ದವು. 1982ರ ಟೊರಾಂಟೊ ಸಮ್ಮೇಳನದ ನಂತರ ಈ ವಿಧಾನಕ್ಕೆ ಸಾರ್ವತ್ರಿಕ ಮನ್ನಣೆ ದೊರೆಯಿತು.

ವಿಧಾನದ ಮರ್ಮ ಇರುವುದು ತಾಳ್ಮೆಯಲ್ಲಿ. ವಸಡನ್ನು ಸೀಳಿ, ಎಲುಬಿನಲ್ಲಿ ರಂಧ್ರ ಕೊರೆದು, ತಿರುಪಿನಾಕಾರದ ಬೇರನ್ನು ಕೂರಿಸಲಾಗುತ್ತದೆ. ಕೊರೆಯುವಾಗ ಉಪ್ಪುನೀರನ್ನು ಹಾಯಿಸಿ ತಂಪಾಗಿಡಬೇಕು. ಎಲುಬಿನ ಉಷ್ಣತೆ 47 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ನಿಮಿಷ ನಿಂತರೂ ಹಾನಿಯಾಗುತ್ತದೆಂದು 1983ರಲ್ಲಿ ತೋರಿಸಲಾಯಿತು. ಮೂಲ ಪದ್ಧತಿಯಲ್ಲಿ ವಸಡನ್ನು ಮತ್ತೆ ಹೊಲಿದು, ಕೆಳದವಡೆಯಲ್ಲಿ ಮೂರು ನಾಲ್ಕು ತಿಂಗಳು, ಮೇಲ್ದವಡೆಯಲ್ಲಿ ಐದಾರು ತಿಂಗಳು ಕಾದು, ಎರಡನೆಯ ಶಸ್ತ್ರಕ್ರಿಯೆಯಲ್ಲಿ ಅದರ ತಲೆಯನ್ನು ತೆರೆದು ಹಲ್ಲನ್ನು ಕೂರಿಸುತ್ತಿದ್ದರು. ಎಲುಬು ಸವೆದಿದ್ದಲ್ಲಿ ಬೇರೆಡೆಯಿಂದ ಎಲುಬನ್ನು ತಂದು ತುಂಬುವುದೂ ಉಂಟು.

1965ರ ಎರಡನೆಯ ಘಟನೆಗೆ ಇಂತಹ ಮೆರುಗಿಲ್ಲ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡುಗಳಿದ್ದ ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸುವಂತೆ ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ವಸಡೂ ಬಾತುಕೊಂಡಿತು. ಮತ್ತೆ ಉಜ್ಜತೊಡಗಿದ ಮೇಲೆ ಬಾವು ಇಳಿಯಿತು. ಹಲ್ಲಿನ ಮೇಲೆ ಕೂರುವ ಸೂಕ್ಷ್ಮಜೀವಿಗಳ ಲೋಳೆಪದರವೇ ವಸಡುಬಾವಿಗೆ ಕಾರಣವೆಂಬುದು ಹೀಗೆ ಸಿದ್ಧವಾಯಿತು. ನಮ್ಮ ದೃಷ್ಟಿಯಲ್ಲಿ ಎರಡರಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ.

ಲೋ ಅವರ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. 1970ರಿಂದ 1985ರವರೆಗೆ ಅವರ ತಂಡವು ಸಿಂಹಳದ ಚಹಾ ತೋಟಗಳ 480 ಮಂದಿ ಗಂಡಾಳುಗಳ ವಸಡುಗಳನ್ನು ಮತ್ತೆ ಮತ್ತೆ ಅಳೆಯಿತು. ಹಲ್ಲುಜ್ಜುವ ಅಭ್ಯಾಸವಾಗಲಿ ದಂತಚಿಕಿತ್ಸೆಯಾಗಲಿ ಅವರಿಗಿರಲಿಲ್ಲ. ರೋಗದ ಸಹಜ ಗತಿಯನ್ನು ತಿಳಿಯಲು ಆರಿಸಿಕೊಂಡದ್ದೇ ಆ ಕಾರಣಕ್ಕೆ. 1986ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶೇಕಡಾ 8 ಮಂದಿಯಲ್ಲಿ ರೋಗ ಶೀಘ್ರವಾಗಿ, 81 ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಬೆಳೆಯಿತು. 11 ಮಂದಿಯಲ್ಲಿ ವಸಡುಬಾವನ್ನು ಮೀರಿ ಮುಂದುವರಿಯಲಿಲ್ಲ. ಮೊದಲ ಗುಂಪಿನವರು ನಲವತ್ತೈದರ ವಯಸ್ಸಿಗೆ ಹಲ್ಲುಗಳನ್ನೆಲ್ಲ ಕಳೆದುಕೊಂಡಿದ್ದರು. ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಉದ್ಧೃತವಾಗುವ ಈ ಅಂಕಿಗಳು ಕೂಲಿಯಾಳುಗಳ ಬಾಯಿಂದ ಬಂದವು; ಹದಿನೈದು ವರ್ಷ ಅವರ ಹಲ್ಲುಗಳನ್ನು ಎಣಿಸಿದ ವಿಜ್ಞಾನವು ಅವರಿಗೆ ಪ್ರತಿಯಾಗಿ ಏನನ್ನು ಕೊಟ್ಟಿತೆಂದು ಕೇಳುವ ಹಕ್ಕು ಚರಿತ್ರೆಗೆ ಇದೆ.

ವಸಡಿನ ಶಸ್ತ್ರಚಿಕಿತ್ಸೆಯೂ ಈ ನಡುವೆ ಬಹಳ ಮುಂದುವರಿಯಿತು. ಸ್ವೀಡನ್ನಿನ ಲೆಯೊನಾರ್ಡ್ ವಿಡ್‌ಮನ್ 1918ರಲ್ಲಿ ವಸಡನ್ನು ಮಡಿಚಿ ಎತ್ತಿ ಬೇರನ್ನು ಕಣ್ಣಿಗೆ ಕಾಣುವಂತೆ ಮಾಡಿ ಶುಚಿಗೊಳಿಸುವ ಕ್ರಮವನ್ನು ವಿವರಿಸಿದನು. 1974ರಲ್ಲಿ ಅದು ಪರಿಷ್ಕೃತವಾಯಿತು. 1982ರಲ್ಲಿ ನೀಮನ್, ಲಿಂಡೆ ಮೊದಲಾದವರು ತೆಳುಪೊರೆಯೊಂದನ್ನು ಅಡ್ಡವಿಟ್ಟು, ವಸಡಿನ ಚರ್ಮವು ಅವಸರದಿಂದ ಒಳಕ್ಕೆ ಬೆಳೆಯದಂತೆ ತಡೆದು, ಹಲ್ಲನ್ನು ಎಲುಬಿಗೆ ಬಿಗಿದಿಡುವ ತಂತುಗಳಿಗೇ ಮತ್ತೆ ಬೆಳೆಯಲು ಅವಕಾಶ ಮಾಡಿಕೊಡಬಹುದೆಂದು ತೋರಿಸಿದರು. ಇಂಪ್ಲಾಂಟಿಗೆ ಈ ತಂತುಗಳೇ ಇಲ್ಲ. ಅದರ ಸುತ್ತಲಿನ ವಸಡು ಕೆಟ್ಟರೆ ಎಲುಬು ಕರಗಿ, ನೆಟ್ಟ ಬೇರೂ ಕಳಚುತ್ತದೆ. ವಸಡಿನ ರೋಗದಿಂದ ಹಲ್ಲನ್ನು ಕಳೆದುಕೊಂಡವರಲ್ಲಿ ಈ ಅಪಾಯ ಹೆಚ್ಚು. ಹೀಗಿರುವಲ್ಲಿ ಇಂಪ್ಲಾಂಟನ್ನು ವಸಡಿನ ಚಿಕಿತ್ಸೆಗೆ ಬದಲಿಯೆಂದು ಭಾವಿಸುವುದು ತಳಪಾಯ ಕುಸಿದ ಮನೆಗೆ ಹೊಸ ಕಂಬ ನಿಲ್ಲಿಸಿದಂತೆ.

ಈಗ ರಾಗಿಗುಡ್ಡಕ್ಕೆ ಮರಳೋಣ. ಒಂದು ಇಂಪ್ಲಾಂಟಿಗೆ ಹತ್ತಾರು ಸಾವಿರ ರೂಪಾಯಿ ತಗಲುವ ಕಾಲದಲ್ಲಿ ಕಡಲೆಯಿದ್ದವನಿಗೆ ಹಲ್ಲೂ ದೊರೆಯಿತೆಂದು ಗಾದೆಯನ್ನು ತಿದ್ದಬಹುದು. ಇಲ್ಲದವರಿಗಾಗಿ ಕರ್ನಾಟಕ ಸರ್ಕಾರವು 2014-15ರ ಸುಮಾರಿನಲ್ಲಿ ದಂತಭಾಗ್ಯ ಯೋಜನೆಯನ್ನು ತಂದು, ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತ ಕಟ್ಟುಹಲ್ಲುಗಳನ್ನು ಒದಗಿಸಿತು. ಹಲ್ಲಿಲ್ಲದೆ ಮುದ್ದೆ ನುಂಗುತ್ತಿದ್ದವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಉಳ್ಳವನಿಗೆ ನೆಟ್ಟ ಹಲ್ಲು, ಇಲ್ಲದವನಿಗೆ ಕಟ್ಟಿದ ಹಲ್ಲು ಎಂಬ ಈ ಎರಡು ಏರ್ಪಾಡುಗಳೂ ಹಲ್ಲು ಹೋದ ಮೇಲಿನವು. ಹಲ್ಲು ಹೋಗುವ ಮೊದಲಿನ ಚಿಕಿತ್ಸೆಗೆ, ಎಂದರೆ ದಂತಶಂಕುವಿನ ಕೆಲಸಕ್ಕೆ, ಭಾಗ್ಯವೆಂಬ ಹೆಸರಿನ ಯೋಜನೆಯಿಲ್ಲ. ಆ ಚಿಕಿತ್ಸೆ ಕಾಲೇಜು ಆಸ್ಪತ್ರೆಗಳಲ್ಲಿ ಕಡಮೆ ವೆಚ್ಚದಲ್ಲಿ ದೊರೆಯುತ್ತದೆ, ನಿಜ. ಆದರೆ ಕಿಟ್ಟ ಆಳಕ್ಕಿಳಿದಿದ್ದರೆ ಬಾಯಿಯ ಒಂದೊಂದು ಕಾಲುಭಾಗವನ್ನು ಒಂದೊಂದು ಸಲ ಶುಚಿಗೊಳಿಸುವುದು ರೂಢಿ. ಅದಕ್ಕೆ ನಾಲ್ಕು ಬಾರಿ ಹೋಗಬೇಕು, ಅನಂತರ ಕೆಲವು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ದಿನಗೂಲಿಯವನಿಗೆ ಅದು ನಾಲ್ಕು ದಿನದ ಕೂಲಿ; ಕೀಳಿಸಿಕೊಳ್ಳುವುದಕ್ಕೆ ಒಂದೇ ದಿನ ಸಾಕು.