ಎರಡಾಣೆಯಿಂದ ಹುಟ್ಟಿದ ಬಂಡವಾಳ



ನೀವು ಮುಂಬೈಯ ಮಾಟುಂಗದಲ್ಲಿರಿ, ಚೆನ್ನೈಯ ಮೈಲಾಪುರದಲ್ಲಿರಿ, 'ಉಡುಪಿ' ಎಂದು ಬೋರ್ಡು ಹಾಕಿದ ಹೋಟೆಲಿಗೆ ಒಮ್ಮೆಯಾದರೂ ಹೋಗಿರುತ್ತೀರಿ. ಅಲ್ಲಿನ ಸಾಂಬಾರಿನ ರುಚಿಯ ಬಗ್ಗೆ ನಾವೆಲ್ಲ ಬೇಕಾದಷ್ಟು ಮಾತಾಡಿದ್ದೇವೆ. ಆದರೆ ಆ ಹೋಟೆಲಿನ ಮೊದಲ ಕಾವಲಿಗೆ, ಮೊದಲ ತಿಂಗಳ ಬಾಡಿಗೆಗೆ ದುಡ್ಡು ಎಲ್ಲಿಂದ ಬಂತು ಎಂದು ಎಂದಾದರೂ ಯೋಚಿಸಿದ್ದೀರಾ? ಸಣ್ಣ ವ್ಯಾಪಾರ ಶುರುಮಾಡಬೇಕೆಂದು ನಿಮ್ಮಲ್ಲಿ ಯಾರಾದರೂ ಲೆಕ್ಕ ಹಾಕುತ್ತಿದ್ದರೆ ಈ ಹಳೆಯ ಕಥೆ ನಿಮಗೆ ಉಪಯೋಗಕ್ಕೆ ಬಂದೀತು.

ಮಾಟುಂಗ ಸ್ಟೇಷನ್ನಿನ ಪಕ್ಕದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರಾಗಲಿ, 1930ರ ದಶಕದ ಕೊನೆಗೆ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಆರಂಭಿಸಿದ ಕಡಂದಲೆ ಕೃಷ್ಣ ರಾಯರಾಗಲಿ, ದುಡ್ಡಿನ ಥೈಲಿ ಹಿಡಿದುಕೊಂಡು ಊರು ಬಿಟ್ಟವರಲ್ಲ. ಇಬ್ಬರೂ ಬೇರೆಯವರ ಅಡುಗೆಮನೆಯಲ್ಲಿ ಕೆಲಸ ಮಾಡಿ ಮೇಲೆ ಬಂದವರು. ಊರಿನವನೊಬ್ಬ ಮೊದಲೇ ಪಟ್ಟಣ ಸೇರಿರುತ್ತಿದ್ದ. ಅವನು ಕೆಲಸ ಕೊಡಿಸುತ್ತಿದ್ದ, ರಾತ್ರಿ ಮಲಗಲು ಹೋಟೆಲಿನಲ್ಲೇ ಜಾಗ ಸಿಗುತ್ತಿತ್ತು. ಮುಂಬೈಯಲ್ಲಾದರೆ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ಲೋಟ ತೊಳೆದ ಹುಡುಗ ರಾತ್ರಿ ಅಲ್ಲಿ ಅಕ್ಷರ, ಲೆಕ್ಕ ಕಲಿಯುತ್ತಿದ್ದ. ಕಸುಬು ಕೈಗೆ ಬಂದ ಮೇಲೆ, ನಂಬಿಕೆ ಇದ್ದವರು ಸ್ವಲ್ಪ ಕೈಗಡ ಕೊಡುತ್ತಿದ್ದರು.

ಇದರಲ್ಲಿ ಒಂದು ಕೊರತೆಯಿದೆ ನೋಡಿ. ಸಂಬಂಧಿಕರು, ಜಾತಿಯವರು, ಊರಿನವರು ಇದ್ದವನಿಗೆ ಇದು ನಡೆಯುತ್ತದೆ. ಯಾರೂ ಇಲ್ಲದವನ ಗತಿಯೇನು? ಆಗಿನ ದೊಡ್ಡ ಬ್ಯಾಂಕುಗಳು ಅವನನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಉಳಿದದ್ದು ಸಾಹುಕಾರ, ಅವನ ಬಡ್ಡಿ.

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಕರಾವಳಿಯವರು ಮುಂದಿದ್ದರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದ ಶಾಶ್ವತ ನಿಧಿಯನ್ನು ಸ್ಥಾಪಿಸಿದರು. ಅದೇ 1906ರಲ್ಲಿ ಮುಂಬೈಯಲ್ಲಿ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠಲ್ ಹೆಸರಿನಲ್ಲಿ ಸಹಕಾರಿ ಸಂಘ ತೆರೆದರು. ಒಂದೇ ವರ್ಷದಲ್ಲಿ ಮೂರು! ಆಮೇಲೆ ಕರ್ನಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಬಂದವು.

ನಾನು ಹೇಳಹೊರಟದ್ದು ಇವುಗಳ ನಡುವೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಇನ್ನೊಂದರ ಬಗ್ಗೆ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ.

1928ರಲ್ಲಿ ಇವರು ಒಂದು ಹೊಸ ಉಪಾಯ ಹೂಡಿದರು. ಬಡವ ಬ್ಯಾಂಕಿಗೆ ಬರುವುದಿಲ್ಲವೇ? ಸರಿ, ಬ್ಯಾಂಕೇ ಅವನ ಮನೆಗೆ ಹೋಗಲಿ. ಏಜೆಂಟರು ದಿನಾ ಮನೆ, ಅಂಗಡಿಗಳಿಗೆ ಹೋಗಿ ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ಹೆಸರು ಪಿಗ್ಮಿ ಠೇವಣಿ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ಮುಕ್ಕಾಲು ರೂಪಾಯಿ, ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ತಿಂಗಳ ಕೊನೆಗೆ ಮೂರು ಮುಕ್ಕಾಲು ರೂಪಾಯಿ ಒಟ್ಟಿಗೆ ಕೊಡು ಎಂದರೆ ಹೂ ಮಾರುವವಳು ಎಲ್ಲಿಂದ ತರಬೇಕು? ಅವಳ ಸಂಪಾದನೆ ದಿನದ್ದು. ಉಳಿತಾಯವೂ ದಿನದ್ದೇ ಆಗಬೇಕು. 'ಹನಿಗೂಡಿದರೆ ಹಳ್ಳ' ಎಂದು ಗಾದೆ ಹೇಳುವವರು ಬಹಳ ಜನ. ಹನಿ ಬೀಳುವ ಜಾಗಕ್ಕೇ ಪಾತ್ರೆ ಹಿಡಿದುಕೊಂಡು ಹೋದವರು ಇವರು.

ಪಿಗ್ಮಿಯ ಇನ್ನೊಂದು ಗುಣ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ಆ ಪುಟ್ಟ ಪುಸ್ತಕವೇ ಜಾಮೀನಾಗುತ್ತಿತ್ತು. ಒಂದು ವರ್ಷ ದಿನ ತಪ್ಪದೆ ಕಟ್ಟಿದವನ ವ್ಯಾಪಾರ ಹೇಗೆ ನಡೆಯುತ್ತಿದೆ, ಮಳೆಗಾಲದಲ್ಲಿ ಎಷ್ಟು ಕುಸಿಯುತ್ತದೆ, ಹಬ್ಬಕ್ಕೆ ಎಷ್ಟು ಏರುತ್ತದೆ ಎಂಬುದೆಲ್ಲ ಅದರಲ್ಲೇ ಕಾಣುತ್ತದೆ. ದಿನಾ ಅಂಗಡಿಗೆ ಬರುವ ಏಜೆಂಟರಿಗೆ ಅವನ ನಡತೆಯೂ ಗೊತ್ತು. ಹೊಲ, ಮನೆ ಇಲ್ಲದವನೂ ತನ್ನ ಠೇವಣಿಯ ಮೇಲೆ ಸಾಲ ಪಡೆಯಬಹುದಾಗಿತ್ತು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎನ್ನಲಾರೆ. ದಿನಾ ತಿರುಗಿ ಸಂಗ್ರಹಿಸುವುದು ಬ್ಯಾಂಕಿಗೆ ದುಬಾರಿ ಕೆಲಸ. ಅದಕ್ಕೇ ಠೇವಣಿದಾರನಿಗೆ ಸಿಗುವ ಬಡ್ಡಿ ಕಡಿಮೆ. ಇನ್ನು ಬಿಸಿಲಲ್ಲಿ ಬೀದಿ ಬೀದಿ ಅಲೆದ ಏಜೆಂಟರಿಗೆ ಕಮಿಷನ್ ಬಿಟ್ಟರೆ ಬೇರೆ ಭದ್ರತೆ ಇರಲಿಲ್ಲ. ಅವರೂ ಕಾನೂನಿನ ಪ್ರಕಾರ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2001ರಲ್ಲಿ, ಅಂದರೆ ಯೋಜನೆ ಶುರುವಾಗಿ 73 ವರ್ಷಗಳ ನಂತರ! ಬಡವರ ಬ್ಯಾಂಕಿನ ಕಥೆ ಹೇಳುವಾಗ ಈ ಮಾತನ್ನು ಬಿಡುವುದು ಸರಿಯಲ್ಲ.

ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್, ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. ನಂತರ ವಿಲೀನಗಳ ಸರದಿ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಂದಿಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಂದಿಗೂ ಒಂದಾದವು. ಪರ ಊರಿನ ಬೀದಿಯಲ್ಲಿ ಆ ಬೋರ್ಡುಗಳನ್ನು ಕಂಡು 'ಇದು ನಮ್ಮ ಕಡೆಯದು' ಎಂದು ಖುಷಿಪಡುತ್ತಿದ್ದವರಿಗೆ ಅಂದು ಮನಸ್ಸು ಚುರುಕ್ ಎಂದಿರಬೇಕು.

ಅದೇ 2020ರಲ್ಲಿ, ಲಾಕ್‌ಡೌನಿನಿಂದ ನೆಲಕಚ್ಚಿದ ಬೀದಿ ವ್ಯಾಪಾರಿಗಳಿಗೆಂದು ಕೇಂದ್ರ ಸರಕಾರ ಸ್ವನಿಧಿ ಯೋಜನೆ ತಂದಿತು. ಆಸ್ತಿಯ ಅಡಮಾನ ಕೇಳದೆ ಮೊದಲು 10,000 ರೂಪಾಯಿ, ಅದನ್ನು ತೀರಿಸಿದರೆ 20,000, ಅದೂ ತೀರಿದರೆ 50,000 ಎಂಬುದು ಆಗಿನ ಕ್ರಮ. ಇಲ್ಲೂ ಕಟ್ಟಿದ ಕಂತುಗಳ ದಾಖಲೆಯೇ ಮುಂದಿನ ಸಾಲಕ್ಕೆ ದಾರಿ. ಉಡುಪಿಯ ಏಜೆಂಟರ ಪುಸ್ತಕ ನೆನಪಾಗುವುದಿಲ್ಲವೇ?

ಮುಂದಿನ ಸಲ ಊರಿಗೆ ಹೋದಾಗ ಸಂಜೆ ಹೊತ್ತು ಪೇಟೆಯ ಯಾವುದಾದರೂ ಅಂಗಡಿಯ ಮುಂದೆ ಸ್ವಲ್ಪ ನಿಂತು ನೋಡಿ. ಸಹಕಾರಿ ಸಂಘದ ಪಿಗ್ಮಿ ಏಜೆಂಟರು ಬರುತ್ತಾರೆ. ಈಗ ಕೈಯಲ್ಲಿ ರಶೀದಿ ಕೊಡುವ ಚಿಕ್ಕ ಯಂತ್ರ. ಅಂಗಡಿಯವರು ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಗಲ್ಲಾದಿಂದ ಅಂದಿನ ಪಿಗ್ಮಿ ಎತ್ತಿ ಕೊಡುತ್ತಾರೆ.